ಹಸಿರು ಗೇಟಿನ ಮನೆ

ರಾತ್ರಿ ಪಾಳಿಯ ಕಾವಲುಗಾರನಿಗೆ ಬೇಕಿದ್ದದ್ದು ಒಂದೇ, ನಿದ್ದೆ. ಹಿಂದಿನ ರಾತ್ರಿ ಕೂತಲ್ಲೇ ತೂಕಡಿಸಿ ಸಿಕ್ಕಿಬಿದ್ದಿದ್ದ. "ಇವತ್ತೂ ಕಣ್ಣು ಮುಚ್ಚಿದ್ರೆ ನಾಳೆಯಿಂದ ಮನೇಲೇ ಮಲ್ಕೋ," ಎಂದಿದ್ದ ಸೂಪರ್‌ವೈಸರ್.

ಮನೆಯಲ್ಲಿ ಮಲಗುವುದೇ ಕಷ್ಟ ಎಂದು ಆ ಪುಣ್ಯಾತ್ಮನಿಗೇನು ಗೊತ್ತು? ಊರಿನ ಹೊಲಗಳೆಲ್ಲ ಸೈಟುಗಳಾಗಿ, ಪೇಟೆಯವರ ಮನೆಗಳು ಎದ್ದಿದ್ದವು. ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ಪಾರ್ಸೆಲ್ ತರಿಸುವಾಗ ಎಲ್ಲರೂ ಬರೆಯುತ್ತಿದ್ದ ವಿಳಾಸ ಒಂದೇ: ಹಸಿರು ಗೇಟಿನ ಮನೆ ಹತ್ತಿರ. ಆ ಹಸಿರು ಗೇಟು ಇವನದು. ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋದ ಮೇಲೆ ಬೆಲ್ಲಿಗೆ ಓಗೊಡುವವನೂ ಇವನೊಬ್ಬನೇ.

ಎಂಟಕ್ಕೆ ಯಾರದೋ ಮಿಕ್ಸಿ ಬಂತು. ಒಂಬತ್ತಕ್ಕೆ ಯಾರದೋ ಚಪ್ಪಲಿ. ಹತ್ತಕ್ಕೆ ಚಪ್ಪಲಿಯ ಒಡತಿಯೇ ಬಂದು ಹಾಕಿ ನೋಡಿ, "ಅಣ್ಣಾ, ಸೈಜು ಸಣ್ಣದು. ವಾಪಸ್ ಒಯ್ಯೋಕೆ ಬರ್ತಾರೆ, ನಿಮ್ಮತ್ರಾನೇ ಇರ್ಲಿ," ಎಂದು ಇಟ್ಟುಹೋದಳು.

ಅವನ ಪಿತ್ತ ನೆತ್ತಿಗೇರಿತು. ಹಿಂದಿನ ಬೀದಿಯಲ್ಲಿದ್ದ ತಂಗಿಯ ಮನೆ ಗೇಟಿಗೆ ಬಳಿದು ಮಿಕ್ಕ ನೀಲಿ ಬಣ್ಣ ಹಿತ್ತಲಲ್ಲಿತ್ತು. ಕಣ್ಣು ಎಳೆಯುತ್ತಿದ್ದರೂ ಎರಡು ಗಂಟೆ ಕೂತು ತನ್ನ ಗೇಟಿಗೂ ಬಳಿದ. ಹಸಿರು ಗೇಟೇ ಇಲ್ಲವೆಂದ ಮೇಲೆ ಯಾರು ಬರುತ್ತಾರೆ?

ಎಲ್ಲರೂ ಬಂದರು.

"ಸಾರ್, ಹಸಿರು ಗೇಟಿನ ಮನೆ ಎಲ್ಲಿ?"

"ಇಲ್ಲಿಲ್ಲ."

"ಮ್ಯಾಪು ಇಲ್ಲೇ ತೋರಿಸ್ತಿದೆಯಲ್ಲ?"

ಮುಂಚೆ ಕೊಟ್ಟುಹೋಗುತ್ತಿದ್ದವರು ಈಗ ನಿಂತು ವಾದ ಮಾಡತೊಡಗಿದರು. ಚಪ್ಪಲಿ ಒಯ್ಯಲು ಬಂದವನು ಅಂಗಿಗೆಲ್ಲ ಹಸಿ ಬಣ್ಣ ಮೆತ್ತಿಕೊಂಡು ಜಗಳಕ್ಕೆ ನಿಂತ. ಎದುರುಮನೆಯ ನಿವೃತ್ತ ಮೇಷ್ಟ್ರು ಬೇರೆ, "ಬಣ್ಣ ಬದಲಾಯಿಸೋ ಮುಂಚೆ ನಾಲ್ಕು ಜನಾನ ಕೇಳ್ಬೇಕಪ್ಪ. ಅದೇನು ನಿನ್ನೊಬ್ಬನ ಗೇಟಾ?" ಎಂದು ತರಾಟೆಗೆ ತೆಗೆದುಕೊಂಡರು. ಅವನಿಗೆ ಅಳು ಬರುವಷ್ಟು ಸುಸ್ತಾಗಿತ್ತು.

ಸಂಜೆ ಹೆಂಡತಿ ಹಿತ್ತಲ ಬಾಗಿಲಿಂದ ಒಳಗೆ ಬಂದಳು. ಮುಖ ಅರಳಿತ್ತು.

"ರೀ, ನಿಮ್ಮ ಪಾಡು ನೋಡೋಕಾಗ್ಲಿಲ್ಲ. ಮಧ್ಯಾಹ್ನ ಲೇಔಟಿನ ಗ್ರೂಪಿಗೆ ಮೆಸೇಜ್ ಹಾಕ್ದೆ. ಎಲ್ಲರೂ ಅಡ್ರೆಸ್ ಬದಲಾಯಿಸಿದ್ದಾರೆ. ನಿಮ್ಮ ತಂಗಿ ಹೇಗೂ ಹಗಲೆಲ್ಲ ಮನೇಲಿರ್ತಾಳೆ, ಪಾರ್ಸೆಲ್ ಇಸ್ಕೊಳ್ಳೋಕೆ ಖುಷಿಯಾಗಿ ಒಪ್ಕೊಂಡ್ಲು. ಅವಳ ಮನೆಯಿಂದಾನೇ ಬಂದೆ."

"ಏನಂತ ಬದಲಾಯಿಸಿದ್ರು?"

"ನೀಲಿ ಗೇಟಿನ ಮನೆ ಅಂತ. ನಾಳೆಯಿಂದ ನೆಮ್ಮದಿಯಾಗಿ ಮಲ್ಕೊಳ್ಳಿ."

ಅವನು ನೀಲಿಯಾಗಿದ್ದ ತನ್ನ ಅಂಗೈಗಳನ್ನು ನೋಡಿಕೊಂಡ. ತನಗಾಗಿ ಇಷ್ಟು ಮಾಡಿದವಳಿಗೆ ಕಾಣದಂತೆ ಅವನ್ನು ಬೆನ್ನ ಹಿಂದೆ ಮರೆಮಾಡಿದ. ಅಷ್ಟರಲ್ಲಿ ಬೆಲ್ಲಾಯಿತು.

"ಸಾರ್, ನೀಲಿ ಗೇಟು ಇದೇ ಅಲ್ವಾ?"