ಕೆಂಚಜ್ಜಿಯ ಹಾಜರಿ

ನನಗೆ ದೆವ್ವಗಳೆಂದರೆ ಭಯ. ಐವತ್ತು ಆಳುಗಳ ಮುಂದೆ ಮೀಸೆ ತಿರುವುವ ಎಸ್ಟೇಟ್ ರೈಟರನ ಬಾಯಲ್ಲಿ ಈ ಮಾತು ಬರಬಾರದು. ಆದರೆ ಹೆದರಿಕೆ ಉದ್ಯೋಗ ನೋಡಿಕೊಂಡು ಬರುವುದಿಲ್ಲವಲ್ಲ. ಅತ್ತಿಗುಂಡಿಯ ಮೇಲಿನ ನಮ್ಮ ಕಾಫಿತೋಟದಲ್ಲಿ ಹಾಡಹಗಲೇ ಹಲಸಿನ ಮರದ ಕೆಳಗೆ ಹಾಯುವಾಗಲೂ ನಾನು ಹನುಮಂತನನ್ನು ನೆನೆಯುತ್ತೇನೆ. ಒಮ್ಮೆ ಬಿಳಿ ದೊರೆ ಎದುರಿಗೆ ಬಂದವನು ನನ್ನ ತುಟಿ ಅಲ್ಲಾಡುವುದನ್ನು ಕಂಡು, ಗಿಡಗಳನ್ನು ಎಣಿಸುತ್ತಿದ್ದೇನೆಂದು ತಿಳಿದು ಬೆನ್ನು ತಟ್ಟಿದ್ದ. ನಾನೂ ತಿದ್ದಲು ಹೋಗಲಿಲ್ಲ.

ಇಂಥವನ ಮಗಳಿಗೆ ದೆವ್ವದ ಸ್ನೇಹವಾಯಿತು. ಗೌರಿಗೆ ಏಳು ವರ್ಷ. ತಾಯಿ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ಬೆಳಗ್ಗೆ ಹಾಜರಿ ಕರೆಯಲು ಹೋದ ನಾನು ಊಟದ ಹೊತ್ತಿಗೆ ಬರುವವರೆಗೂ ಅವಳು ಜಗಲಿಯ ಮೇಲೆ ಒಬ್ಬಳೇ. ಆಳುಗಳ ಸಾಲುಮನೆಗಳ ಲೈನಿನಲ್ಲಿ ಅವಳ ಓರಗೆಯ ಮಕ್ಕಳು ಬೇಕಾದಷ್ಟಿದ್ದರು. ರೈಟರ್ ಮಗಳು ಲೈನಿಗೆ ಕಾಲಿಡಬಾರದೆಂದು ಕಟ್ಟಪ್ಪಣೆ ಮಾಡಿದವನು ನಾನೇ. ಆಗ ಅದು ಮರ್ಯಾದೆಯ ಪ್ರಶ್ನೆ ಎನಿಸಿತ್ತು.

ಒಂದು ಮಧ್ಯಾಹ್ನ ಬಂದು ನೋಡಿದರೆ ಗೌರಿ ಚೆನ್ನೆಮಣೆ ಆಡುತ್ತಿದ್ದಾಳೆ. ಎದುರಿಗೆ ಯಾರೂ ಇಲ್ಲ. ಆದರೆ ಆ ಕಡೆಯ ಗುಳಿಯಿಂದ ಕಾಯಿಗಳು ತಾವೇ ಎದ್ದು ಒಂದೊಂದಾಗಿ ಮುಂದಿನ ಗುಳಿಗಳಿಗೆ ಬೀಳುತ್ತಿವೆ!

"ಕೆಂಚಜ್ಜಿ, ಅಪ್ಪಯ್ಯ. ಹಣ್ಣು ಕೊಯ್ಯೋಕೆ ಬರ್ತಿದ್ಲಲ್ಲ. ಕೂತ್ಕೊಳ್ಳಿ, ಅವಳೇ ಸೋಲ್ತಿದಾಳೆ."

ಕೆಂಚಜ್ಜಿ ಸತ್ತು ವರ್ಷವಾಗಿತ್ತು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೀಟು ಎಳೆದವನೂ ನಾನೇ. ಕೂರುವುದು ಹಾಗಿರಲಿ, ಅಡುಗೆಮನೆ ಹೊಕ್ಕು ಅಗುಳಿ ಹಾಕಿಕೊಂಡ ಮೇಲೆಯೇ ನನ್ನ ಕಾಲು ನಿಂತದ್ದು. ಒಳಗಿನಿಂದಲೇ ಗದರಿಸಿದೆ: "ಯಾರ ಜೊತೆ ಬೇಕಾದ್ರೂ ಆಡ್ತೀಯೇನೇ?"

"ಲೈನಿನ ಮಕ್ಕಳ ಜೊತೆ ಬೇಡ ಅಂದಿದ್ರಿ. ಸತ್ತೋರ ಜೊತೆ ಬೇಡ ಅಂದಿರ್ಲಿಲ್ಲ."

ನಾಡಿದ್ದೇ ಅವಳನ್ನು ಆಲ್ದೂರಿನ ಸೋದರತ್ತೆಯ ಮನೆಗೆ ಸಾಗಿಸುವುದೆಂದು ನಿಶ್ಚಯಿಸಿದೆ. ಮಗು ಅಳಲಿಲ್ಲ.

"ಹೋಗ್ತೀನಿ. ಆದ್ರೆ ನಾಳೆ ಹಾಜರೀಲಿ ಕೆಂಚಜ್ಜಿ ಹೆಸರು ಒಂದ್ಸಲ ಕರೀರಿ ಅಪ್ಪಯ್ಯ. ದಿನಾ ಬಂದು ನಿಲ್ತಾಳಂತೆ. ನೀವು ಕರೆಯೋದೇ ಇಲ್ಲ ಅಂತ ಬೇಜಾರು ಮಾಡ್ಕೊಂಡಿದಾಳೆ."

ಮರುದಿನ ಕಣದಲ್ಲಿ ಎಲ್ಲರ ಹೆಸರೂ ಮುಗಿದ ಮೇಲೆ ಕೆಂಪು ಗೀಟಿನಡಿಯ ಹೆಸರನ್ನೂ ಓದಿ "ಕೆಂಚಮ್ಮ" ಎಂದೆ.

"ಬಂದಿದೀನಿ ರೈಟ್ರೇ," ಎಂದಿತು ಸಾಲಿನ ಕೊನೆಯ ಖಾಲಿ ಜಾಗ.

ಪುಸ್ತಕ ಕೈಜಾರಿ ಬಿತ್ತು. ಆಳುಗಳು ಯಾರೂ ಮಿಸುಕಲಿಲ್ಲ. ಮೇಸ್ತ್ರಿ ಅದನ್ನು ಎತ್ತಿಕೊಟ್ಟು, "ಅವ್ಳು ದಿನಾ ಬರ್ತಾಳೆ ರೈಟ್ರೇ. ನೀವು ಹೆದರ್ತೀರಿ ಅಂತ ನಾವೇ ಹೇಳಿರ್ಲಿಲ್ಲ," ಎಂದ. ಇಷ್ಟು ವರ್ಷ ಜೋಪಾನ ಮಾಡಿದ ಗುಟ್ಟು ಇಡೀ ತೋಟಕ್ಕೇ ಗೊತ್ತಿತ್ತು!

ಖಾಲಿ ಜಾಗದ ಮಾತು ಮುಗಿದಿರಲಿಲ್ಲ. "ಕೂಸನ್ನ ಆಲ್ದೂರಿಗೆ ಕಳಿಸ್ಬೇಡಿ ಮಾರಾಯ್ರೆ, ಲೈನಿಗೆ ಬಿಡಿ. ಅದಕ್ಕೆ ಕುಂಟೆಬಿಲ್ಲೆ ಆಡೋ ಆಸೆ. ನನ್ನ ಪಾದ ನೋಡಿದ್ರೆ ಹಿಂದುಮುಂದು, ಬರೀ ಗೆರೆ ತುಳೀತೀನಿ."

ಆಗಲಿ ಎಂದೆ. ಹೆದರಿ ಒಪ್ಪಿದೆನೆಂದು ಆಳುಗಳು ತಿಳಿದರು. ಒಪ್ಪಿದ್ದು ನಾಚಿಕೆಯಿಂದ. ಸತ್ತವಳಿಗೆ ಹೊಳೆದದ್ದು ಹೆತ್ತವನಿಗೆ ಹೊಳೆದಿರಲಿಲ್ಲ.

ಈಗ ಗೌರಿ ದಿನವಿಡೀ ಲೈನಿನಲ್ಲಿ, ಮೈಯೆಲ್ಲ ಕೆಮ್ಮಣ್ಣು. ಊಟಕ್ಕೆ ಬಂದರೆ ಮನೆಯಲ್ಲಿ ನಾನೊಬ್ಬನೇ. "ಕೆಂಚಜ್ಜಿ ನಿನ್ನ ಜೊತೆ ಬರೋದಿಲ್ವೇನೇ?" ಎಂದು ಒಮ್ಮೆ ಕೇಳಿದೆ.

"ಇಲ್ಲಪ್ಪಯ್ಯ. ನಿಮ್ಮಪ್ಪ ಒಬ್ರೇ ಇರ್ತಾರೆ, ಪಾಪ, ಅಂತ ಇಲ್ಲೇ ಕೂತಿರ್ತಾಳೆ."

ಭಯವೇನೂ ಕಡಿಮೆಯಾಗಿಲ್ಲ. ಹನುಮಂತನನ್ನು ನೆನೆಯುತ್ತಲೇ ಊಟವಾದ ಮೇಲೆ ಚೆನ್ನೆಮಣೆ ಬಿಚ್ಚಿ ಕೂರುತ್ತೇನೆ. ಮಗುವಿನ ಜೊತೆ ಅವಳು ಬೇಕೆಂದೇ ಸೋಲುತ್ತಿದ್ದಳೆಂದು ಈಗ ತಿಳಿಯಿತು. ನಾನಂತೂ ಇವತ್ತಿನವರೆಗೆ ಒಂದು ಆಟವನ್ನೂ ಗೆದ್ದಿಲ್ಲ.