ಅಂಚೆ ಮತಕ್ಕೊಬ್ಬ ಸಾಕ್ಷಿ

ದೇವರು ಸರ್ವಸಾಕ್ಷಿ ಎಂದು ಮೈಸೂರಿನ ಪಾಠಶಾಲೆಯೊಂದರಲ್ಲಿ ಮೂವತ್ತು ವರ್ಷ ಬೋಧಿಸಿದವನು ನಾನು. ಆಸ್ಟ್ರೇಲಿಯಾದ ಚುನಾವಣಾ ಕಚೇರಿಯವರು ಮಾತ್ರ ಆತನ ಸಹಿಯನ್ನು ಒಪ್ಪುವುದಿಲ್ಲ. ಅಂಚೆಯಲ್ಲಿ ಮತ ಕಳುಹಿಸುವವನು ಲಕೋಟೆಯ ಮೇಲೆ ಸಹಿ ಮಾಡುವುದನ್ನು ಇನ್ನೊಬ್ಬ ಮನುಷ್ಯ ಕಣ್ಣಾರೆ ಕಂಡು, ತಾನೂ ಸಹಿ ಹಾಕಬೇಕು. ಅದೂ ಶನಿವಾರ ಮತದಾನ ಮುಗಿಯುವುದರೊಳಗೆ. ಇಲ್ಲವಾದರೆ ಆ ಮತ ಎಣಿಕೆಗೆ ಸೇರದು. ಇಲ್ಲಿನ ಮಾಡ್ಬರಿ ಎಂಬ ಬಡಾವಣೆಯ ಈ ಮನೆಯಲ್ಲಿ ನನ್ನನ್ನು ಕಣ್ಣಾರೆ ಕಾಣುವವರು ಗೋಡೆಯ ಮೇಲಿನ ಶ್ರೀನಿವಾಸ, ಮತ್ತು ಪಕ್ಕದಲ್ಲಿ ಹಾರ ಹಾಕಿಸಿಕೊಂಡಿರುವ ನನ್ನ ಪತ್ನಿ. ಇಬ್ಬರಿಗೂ ಲೇಖನಿ ಹಿಡಿಯುವ ಅಭ್ಯಾಸವಿಲ್ಲ.

ಸಹಿಯಾದ ಲಕೋಟೆ ಬಂದು ತಲುಪಲು ಕಚೇರಿಯವರು ಹದಿಮೂರು ದಿನ ಕಾಯುತ್ತಾರೆ. ಆ ಲೆಕ್ಕ ನನಗೆ ಪರಿಚಿತವೇ. ಪತ್ನಿ ತೀರಿಕೊಂಡಾಗಲೂ ಹದಿಮೂರು ದಿನ ಮನೆ ತುಂಬ ಜನರಿದ್ದರು. ಪರ್ತ್‌ನಿಂದ ಮಗಳೂ ಬಂದಿದ್ದಳು. ಹದಿನಾಲ್ಕನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಇಬ್ಬರಿಗೆ ಕಾಫಿ ಬೆರೆಸಿ, ಎರಡು ಲೋಟವನ್ನೂ ನಾನೇ ಕುಡಿದೆ.

ಮತದಾನದ ಹಿಂದಿನ ದಿನ, ಶುಕ್ರವಾರ, ಎದುರು ಮನೆಯ ಡಾಕ್ಟರ್ ಶೈಲಾ ಸಾಕ್ಷಿಯಾಗಲು ಬಂದಳು. ಹಾಸನದ ಕಡೆಯ ಹೆಣ್ಣುಮಗಳು. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ.

"ಬೇಗ ಸೈನ್ ಮಾಡಿ ಅಂಕಲ್, ಒಂದು ಗಂಟೆಗೆ ಡ್ಯೂಟಿ ಇದೆ."

ಗಡಿಯಾರ ನೋಡಿದೆ. ಹತ್ತು ಮೂವತ್ತೈದು. "ರಾಹುಕಾಲ ಹಿಡಿದುಬಿಡ್ತಲ್ಲಮ್ಮ! ಹನ್ನೆರಡರವರೆಗೆ ಕೂತ್ಕೋ."

"ನಿಮ್ಮ ಪಂಚಾಂಗ ಮೈಸೂರಿಂದಲ್ವಾ ಅಂಕಲ್? ಅಲ್ಲಿ ಈಗಿನ್ನೂ ಆರೂವರೆ. ರಾಹು ಹಾಸಿಗೆಯಿಂದಲೇ ಎದ್ದಿರಲ್ಲ!"

"ಅವನು ಆಯಾ ಊರಿನ ಸೂರ್ಯನ್ನ ನೋಡ್ಕೊಂಡು ಬರ್ತಾನೆ," ಎಂದು ಶಾಸ್ತ್ರವನ್ನು ವಿಸ್ತಾರವಾಗಿ ವಿವರಿಸತೊಡಗಿದೆ. ವಿವರಣೆಯ ನಡುವೆ ಕಾಫಿಯಾಯಿತು, ಕೋಡುಬಳೆಯಾಯಿತು, ಮತ್ತೊಮ್ಮೆ ಕಾಫಿಯಾಯಿತು. ಬ್ರಿಸ್ಬೇನ್‌ನಲ್ಲಿರುವ ತನ್ನ ಅತ್ತೆ ವಿಡಿಯೋ ಕರೆಯಲ್ಲೇ ಒಗ್ಗರಣೆಯ ತಪ್ಪು ಹಿಡಿಯುವ ಬಗೆಯನ್ನು ಆಕೆ ನಟಿಸಿ ತೋರಿಸಿದಾಗ ನಾನು ನಕ್ಕೆ. ಆ ನಗೆಯ ಸದ್ದು ನನಗೇ ಅಪರಿಚಿತವಾಗಿ ಕೇಳಿಸಿತು.

ಹನ್ನೆರಡಾದದ್ದನ್ನು ಗಮನಿಸಿದವಳು ಆಕೆಯೇ. ನಾನು ಸಹಿ ಮಾಡಿದೆ. ಆಕೆಯೂ ಮಾಡಿ, ದಿನಾಂಕ ಬರೆದಳು. ಲಕೋಟೆಯನ್ನು ದಾರಿಯಲ್ಲಿ ಅಂಚೆಗೆ ಹಾಕುವೆನೆಂದು ಚೀಲಕ್ಕೆ ಸೇರಿಸಿ, ಬಾಗಿಲಲ್ಲಿ ನಿಂತಳು.

"ಮಂಡಿನೋವು, ಬೂತ್‌ಗೆ ಹೋಗಕ್ಕಾಗಲ್ಲ ಅಂದ್ರಿ ಫೋನಲ್ಲಿ. ಅಡುಗೆಮನೆಗೆ ಮೂರು ಸಲ ಜಿಂಕೆ ಹಾಗೆ ಹೋಗಿ ಬಂದ್ರಲ್ಲ ಅಂಕಲ್? ಬೂತ್ ನಮ್ಮ ಬೀದಿ ಸ್ಕೂಲಲ್ಲೇ ಇದೆ. ಅಲ್ಲಿ ಯಾವ ಸಾಕ್ಷಿನೂ ಬೇಡ."

ಬೇಡವೆಂಬುದು ನನಗೆ ತಿಳಿದಿತ್ತು. ಅಂಚೆ ಮತಕ್ಕೆ ಅರ್ಜಿ ಹಾಕಿದ್ದೇ ಆ ಕಾರಣಕ್ಕೆ. ಅದನ್ನು ಒಪ್ಪಿಕೊಳ್ಳುವ ಧೈರ್ಯ ಸಾಲದೆ, ಮುಂದಿನ ಚುನಾವಣೆ ಯಾವಾಗಮ್ಮ ಎಂದಷ್ಟೇ ಕೇಳಿದೆ.