ಸೂಕ್ತ ಮಾರ್ಗದ ಮೂಲಕ ಪ್ರೀತಿ

ರಕ್ತಸಂಬಂಧಿಗಳು ಒಬ್ಬರಿಗೊಬ್ಬರು ಆಸ್ತಿ ಬರೆದುಕೊಡುವಾಗ ವರ್ಗಾವಣೆ ತೆರಿಗೆಯಿಂದ ವಿನಾಯಿತಿ ಬೇಕಾದರೆ ಅವರ ನಡುವೆ ಪ್ರೀತಿ ಇರುವುದು ಕಡ್ಡಾಯ. ಪ್ರೀತಿಯನ್ನು ಕೆಲಸದ ದಿನಗಳಲ್ಲಿ ಹನ್ನೊಂದರಿಂದ ಒಂದು ಗಂಟೆಯವರೆಗೆ ಎರಡನೇ ಮಹಡಿಯಲ್ಲಿ ಪರಿಶೀಲಿಸಲಾಗುತ್ತದೆ.

ಆ ಮಂಗಳವಾರ ಅಲ್ಲಿಗೆ ಬಂದವರು ಒಬ್ಬ ಅಕ್ಕ, ಒಬ್ಬ ತಮ್ಮ. ಅಕ್ಕ ದರ್ಜಿ, ಸ್ವಂತ ಮನೆಯ ಮೇಲಂತಸ್ತಿನಲ್ಲಿ ವಾಸ. ತಮ್ಮ ಗಡಿಯಾರ ರಿಪೇರಿಯವನು. ಬಾಡಿಗೆ ಅಂಗಡಿಯನ್ನು ಶನಿವಾರದೊಳಗೆ ಖಾಲಿ ಮಾಡಬೇಕಿತ್ತು. ಮನೆಯ ಕೆಳಗಿನ, ಬೀದಿಗೆ ಬಾಗಿಲಿರುವ ಕೋಣೆಯನ್ನು ಅವನ ಹೆಸರಿಗೆ ಮಾಡಿಬಿಡಬೇಕೆಂದು ಅಕ್ಕ ತೀರ್ಮಾನಿಸಿದ್ದಳು. ವಿನಾಯಿತಿ ಸಿಗದಿದ್ದರೆ ತೆರಿಗೆ ಕಟ್ಟಲು ಆ ಕೋಣೆಯನ್ನೇ ಮಾರಬೇಕಿತ್ತು.

ಒಂದೇ ಒಂದು ತೊಡಕು. ಅವರಿಬ್ಬರೂ ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಕಾರಣ ಒಂದು ಕಿಟಕಿ. ಅದನ್ನು ತೆರೆದವರು ಯಾರು, ಮುಚ್ಚಿದವರು ಯಾರು ಎಂಬುದು ಇಬ್ಬರಿಗೂ ಮರೆತಿದೆ, ಹಟ ನೆನಪಿದೆ. ತಮ್ಮ ದಿನಾ ಊಟಕ್ಕೆ ಅಕ್ಕನ ಮನೆಗೇ ಬರುತ್ತಿದ್ದ. ಹೇಳಬೇಕಾದ್ದನ್ನೆಲ್ಲ ಅಕ್ಕನ ಗಂಡನ ಮೂಲಕ ಹೇಳಿಸುತ್ತಿದ್ದರು. ಭಾವ ಆ ದಿನ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು.

ಪ್ರೀತಿ ವಿಭಾಗದ ಅಧಿಕಾರಿ ಕೇಳಿದರು: "ಏನಮ್ಮಾ, ಇವರ ಮೇಲೆ ನಿಮಗೆ ಪ್ರೀತಿ ಇದೆಯಾ?"

ಅಕ್ಕ ನಡುವೆ ಕೂತಿದ್ದ ಗುಮಾಸ್ತನತ್ತ ತಿರುಗಿದಳು. "ಆ ಮನುಷ್ಯ ಏನಾದ್ರೂ ತಿಂದಿದಾನಾ ಕೇಳಿ. ಮುಖ ಬಾಡಿಹೋಗಿದೆ."

"ತಿಂದ್ರಾ ಅಂತೆ," ಎಂದ ಗುಮಾಸ್ತ.

ತಮ್ಮ ಗೋಡೆ ನೋಡುತ್ತ ಹೇಳಿದ: "ನನ್ನ ಹೊಟ್ಟೆ ಚಿಂತೆ ಬೇಡ ಅನ್ನಿ. ಮಿಷನ್ ಮೇಲೆ ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಗಿದೆ, ಮೊದಲು ಡಾಕ್ಟರಿಗೆ ತೋರಿಸ್ಕೊಳ್ಳಲಿ."

"ಬೆನ್ನು ತೋರಿಸ್ಬೇಕಂತೆ."

"ನನ್ನ ಬೆನ್ನಿನ ಉಸಾಬರಿ ಅವನಿಗ್ಯಾಕೆ? ಹೊಸ ಅಂಗಿ ಹೊಲಿದಿಟ್ಟು ಆರು ತಿಂಗಳಾಯ್ತು, ಗೂಟಕ್ಕೆ ನೇತಾಡ್ತಿದೆ ಅನ್ನಿ."

"ಅಳತೆ ತಗೊಳ್ದೆ ಹೊಲಿದ್ರೆ ಯಾರು ಹಾಕ್ತಾರೆ ಕೇಳಿ!"

"ಅವನ ಅಳತೆ ನಂಗೊತ್ತಿಲ್ವಾ? ಎತ್ತಿ ಆಡಿಸಿದವಳು ನಾನು!"

ಗುಮಾಸ್ತನ ಕತ್ತು ಟೇಬಲ್ ಫ್ಯಾನಿನಂತೆ ಅತ್ತಿತ್ತ ತಿರುಗುತ್ತಿತ್ತು. ಅಧಿಕಾರಿಯ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷಗಳ ಸೇವೆಯಲ್ಲಿ ಅವರು ನೇರವಾಗಿ ಪ್ರೀತಿಸುವ ಒರಟು ಜನರನ್ನಷ್ಟೇ ಕಂಡಿದ್ದರು. ಇಲ್ಲಿ ಪ್ರೀತಿಯು ಸೂಕ್ತ ಮಾರ್ಗದ ಮೂಲಕ, ಒಬ್ಬ ಖಾಯಂ ನೌಕರನ ಕೈ ಹಾದು ಹೋಗುತ್ತಿತ್ತು.

"ಇದು ನೋಡಿ ಪ್ರೀತಿ!" ಎಂದು ಮುದ್ರೆ ಒತ್ತಿದರು.

ಗುರುವಾರ ಸುತ್ತೋಲೆ ಹೊರಟಿತು. "ಸಂಬಂಧಿಕರು ಪರಸ್ಪರ ನೇರವಾಗಿ ವ್ಯಕ್ತಪಡಿಸಿದ ಪ್ರೀತಿಯನ್ನು ಇನ್ನು ಮುಂದೆ ಪರಿಗಣಿಸಲಾಗುವುದಿಲ್ಲ. ಪ್ರೀತಿಯನ್ನು ಇಲಾಖಾ ನೌಕರರ ಮೂಲಕವೇ ದ್ವಿಪ್ರತಿಯಲ್ಲಿ ಸಲ್ಲಿಸತಕ್ಕದ್ದು. ಅಪ್ಪುಗೆಗೆ ದಂಡ ಪ್ರತ್ಯೇಕ."

ಅದೇ ಮಧ್ಯಾಹ್ನ, ಮಗಳಿಗೆ ಮನೆ ಬರೆದುಕೊಡಲು ಬಂದಿದ್ದ ತಂದೆಯೊಬ್ಬ ಮೈಮರೆತು ಅವಳ ತಲೆ ನೇವರಿಸಿ ಪೂರ್ತಿ ತೆರಿಗೆ ಕಟ್ಟಿದ. ಸಾಲಿನಲ್ಲಿದ್ದವರು, "ಪಾಪ, ಓದು ಬರಹ ಬಾರದವನಿರಬೇಕು," ಎಂದರು. ಬುದ್ಧಿವಂತರು ಅರ್ಜಿಗೆ ಒಂದು ತಿಂಗಳು ಮೊದಲೇ ಮನೆಯವರ ಜೊತೆ ಮಾತು ಬಿಡತೊಡಗಿದರು.

ವಿನಾಯಿತಿ ಊರ್ಜಿತವಾಗಿರಬೇಕಾದರೆ ಮಾರ್ಗವು ಸ್ಥಳದಲ್ಲೇ ಇರಬೇಕೆಂಬ ಷರತ್ತಿನ ಪ್ರಕಾರ ಗುಮಾಸ್ತನನ್ನು ಅಕ್ಕ-ತಮ್ಮಂದಿರ ಮನೆಗೇ ನಿಯೋಜಿಸಲಾಯಿತು. ಮೆಟ್ಟಿಲ ತಿರುವಿನಲ್ಲಿ ಮೇಜು ಹಾಕಿದರು. ಭಾವ ಬಹಳ ವರ್ಷಗಳ ನಂತರ ಮಧ್ಯಾಹ್ನ ನಿದ್ದೆ ಮಾಡಿದರು.

ಶನಿವಾರ ತಮ್ಮನು ಕೆಳಗಿನ ಕೋಣೆಯ ಗೋಡೆಗೆ ಗಡಿಯಾರಗಳನ್ನೆಲ್ಲ ತೂಗುಹಾಕಿ ಮೆಟ್ಟಿಲ ಬುಡಕ್ಕೆ ಬಂದು ನಿಂತ. ಮೇಲಿನ ಮೆಟ್ಟಿಲಲ್ಲಿ ಅಕ್ಕ ನಿಂತಿದ್ದಳು. ಅವನು ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಅವಳ ಮುಖವನ್ನೇ ನೋಡಿ, "ಅಕ್ಕಾ," ಎಂದ.

ಗುಮಾಸ್ತ ದಡಬಡಿಸಿ ಎದ್ದ. "ಅಯ್ಯೋ ಸ್ವಾಮೀ, ಕೋಣೆ ಹೋಗುತ್ತೆ!"

ತಮ್ಮ ತಟ್ಟನೆ ಗೋಡೆಯತ್ತ ತಿರುಗಿದ. "ಅಂತ ಕರೆದೆ ಅಂತ ಬರ್ಕೊಳ್ಳಿ."

ಗುಮಾಸ್ತ ಬರೆದುಕೊಂಡ. ಸಂಖ್ಯೆ ಹಾಕಿದ. ತಲುಪಿಸಲು ಏಳು ಕೆಲಸದ ದಿನ ಹಿಡಿಯುತ್ತದೆ ಎಂದ.

ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋದಳು.

"ಅಕ್ಕಾ ಅಂದ ಕಣೇ ಅವನು! ಕೇಳಿಸ್ತಾ?" ಎಂದರು ಭಾವ.

"ಇನ್ನೂ ಇಲ್ಲ," ಎಂದಳು ಅಕ್ಕ. "ಆಚೆ ಸೋಮವಾರ ಕೇಳಿಸುತ್ತೆ."